ಮೊಹಲ್ಲಾ ಕಮಿಟಿಯ ಎಲ್ಲರಿಗೂ, ಊರಿಗೆ ಹೊರಡುವ ಮುಂಚೆ

ಜನರೂ ಪೊಲೀಸರೂ ಸೇರಿ ಕೂರುವ ನಮ್ಮ ಗಲ್ಲಿಯ ಮೊಹಲ್ಲಾ ಕಮಿಟಿ ಕೆಲಸವನ್ನು ಈ ತಿಂಗಳು ಹುಡುಗರಿಗೆ ಒಪ್ಪಿಸಿದ್ದೇನೆ. ಮುಂಬೈ ಬಿಟ್ಟು ಕುಂದಾಪುರಕ್ಕೆ ಹೊರಟಿದ್ದೇನೆ. ಬೀಳ್ಕೊಡುಗೆ ದಿನ ಮೈಕ್ ಕೊಟ್ಟರೆ ಗಂಟಲು ಕಟ್ಟಿತು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲ ನಮಸ್ಕಾರ ಭಿವಂಡಿಗೆ. 1970ರಲ್ಲಿ, ಮತ್ತೆ 1984ರಲ್ಲಿ ಗಲಭೆಗೆ ಬೆಂದ ಮಗ್ಗದ ಊರದು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಅಲ್ಲಿ ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಹಿಂದೂಗಳು, ಮುಸ್ಲಿಮರು, ಪೊಲೀಸರು ಒಟ್ಟಿಗೆ ಕೂರಬೇಕು, ಅಷ್ಟೇ. 1992-93ರ ಗಲಭೆಯಲ್ಲಿ ಮುಂಬೈಯಲ್ಲಿ ಸುಮಾರು 900 ಜನ ಸತ್ತರು. ಪಕ್ಕದ ಭಿವಂಡಿ ಶಾಂತವಾಗಿತ್ತು! ಆಮೇಲೆ ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೇರೊ, ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹ್ನಿ, ಸಮಾಜ ಸೇವಕಿ ಸುಶೋಭಾ ಬರ್ವೆ ಮೊದಲಾದವರು ಮುಂಬೈಯಲ್ಲೂ ಈ ಕೆಲಸಕ್ಕೆ ಕೈ ಹಾಕಿದರು.

ಪೊಲೀಸರು ಮುಸ್ಲಿಮರ ವಿರುದ್ಧ ಪಕ್ಷಪಾತ ಮಾಡಿದರು ಎಂದು ಆ ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ 1998ರಲ್ಲಿ ಬರೆಯಿತು. ನಮ್ಮ ಗಲ್ಲಿಯವರಿಗೆ ಅದು ಹೊಸ ಸುದ್ದಿಯೇನಲ್ಲ. ಪೊಲೀಸ್ ಠಾಣೆ ಅಂದರೆ ರಸ್ತೆಯ ಆಚೆ ಬದಿಯಿಂದ ದಾಟಿಹೋಗುವ ಜಾಗ.

ಅದಕ್ಕೇ ನನ್ನ ದೊಡ್ಡ ಥ್ಯಾಂಕ್ಸ್ ಹೊಲಿಗೆ ಕೆಲಸದ ನಮ್ಮ ಖಾಲಾಗೆ. ಸಭೆಯಲ್ಲಿ ಇನ್ಸ್‌ಪೆಕ್ಟರ್ ಎದುರೇ ಎದ್ದು ನಿಂತು, "ಮಗ ಮನೆಗೆ ಬಂದಿಲ್ಲ ಅಂತ ದೂರು ಕೊಡೋಕೆ ಬಂದ್ರೆ, ಅವನ ಮೇಲೆ ಎಷ್ಟು ಕೇಸಿದೆ ಅಂತ ಕೇಳ್ತೀರಲ್ಲ ಸಾಹೇಬ್ರೆ, ಯಾಕೆ?" ಅಂದರು. ಯಾರೂ ಉಸಿರೆತ್ತಲಿಲ್ಲ. ಆ ಇನ್ಸ್‌ಪೆಕ್ಟರ್‌ಗೂ ನಾನು ಋಣಿ. ಸಿಟ್ಟಾಗಲಿಲ್ಲ, ಸಮಜಾಯಿಷಿ ಕೊಡಲಿಲ್ಲ, ಬರೆದುಕೊಂಡರು. ಮುಂದಿನ ಸಭೆಯ ಹೊತ್ತಿಗೆ ದೂರು ಬರೆಯುವ ಮೇಜಿಗೆ ಮಹಿಳಾ ಪೇದೆ ಬಂದಿದ್ದರು. ಕಮಿಟಿಯವರು ಯಾರಾದರೂ ಜೊತೆಗೆ ಹೋಗಬಹುದು ಎಂದೂ ಆಯಿತು. ಠಾಣೆ ಕೆಲಸ ಮಾಡಿಸಿಕೊಡುವ ಮಧ್ಯವರ್ತಿಗಳ ಅಂಗಡಿ ಅರ್ಧ ಮುಚ್ಚಿತು.

ಮಿಕ್ಕ ಸಭೆಗಳೆಲ್ಲ ಬೋರು, ನಿಜ ಹೇಳಬೇಕಂದ್ರೆ. ಗಟಾರ, ನಲ್ಲಿ, ಸ್ಕೂಟರ್ ನಿಲ್ಲಿಸೋ ಜಗಳ, ಗಣಪತಿ ಮೆರವಣಿಗೆ ಮಸೀದಿ ಮುಂದೆ ಎಷ್ಟು ಹೊತ್ತಿಗೆ ಬರಬೇಕು ಅನ್ನೋದು. ಆದರೂ ಬಂದು ಕೂತಿರಲ್ಲ, ನಿಮಗೆಲ್ಲ ಶರಣು. ಒಂದು ರಾತ್ರಿ ಸುಳ್ಳು ಸುದ್ದಿಯೊಂದು ಫೋನಿಂದ ಫೋನಿಗೆ ಹಾರಿದಾಗ ಹವಾಲ್ದಾರರು ಯಾರ ಬಾಗಿಲು ತಟ್ಟಬೇಕೆಂದು ಯೋಚಿಸಬೇಕಾಗಲಿಲ್ಲ. ಗಟಾರದ ಜಗಳದಲ್ಲೇ ಎಲ್ಲರ ಪರಿಚಯ ಆಗಿತ್ತಲ್ಲ! ಹುಡುಗರೂ ಪೊಲೀಸರೂ ಸೇರಿ ಆಡಿದ ಕ್ರಿಕೆಟ್ ಪಂದ್ಯಗಳೂ ನೆನಪಿವೆ. ಅಂಪೈರ್ ಆಗಿ ನಾನು ಎರಡೂ ಕಡೆ ಬೈಸಿಕೊಂಡಿದ್ದೇನೆ.

ಒಂದು ಬೇಜಾರು ಇದೆ. ಒಳ್ಳೆ ಸಾಹೇಬರು ವರ್ಗವಾದರೆ ಮತ್ತೆ ಮೊದಲಿಂದ ಶುರು. ಕೆಲವರಿಗೆ ಕಮಿಟಿ ಅಂದರೆ ಹಬ್ಬಕ್ಕೆ ಮುಂಚೆ ಒಂದು ಫೋಟೊ. ಇದು ಒಬ್ಬರ ಒಳ್ಳೆತನದ ಮೇಲೆ ನಿಲ್ಲಬಾರದು, ಪೊಲೀಸ್ ನಿಯಮದಲ್ಲೇ ಬರಬೇಕು. ತರಬೇತಿಯಲ್ಲೂ ಬರಬೇಕು. ಅಲ್ಲಿಯವರೆಗೆ, ಹುಡುಗರೇ, ಹೊಸ ಸಾಹೇಬರು ಬಂದ ವಾರವೇ ಹೋಗಿ ಮಾತಾಡಿಸಿ. ಗಲಾಟೆ ಆಗಲಿ ಅಂತ ಕಾಯಬೇಡಿ.

ಭಾನುವಾರದ ಸಭೆಗೆ ಚಹಾ ನಮ್ಮ ಹೋಟೆಲಿಂದಲೇ ಬರುತ್ತದೆ. ಬಿಲ್ ಹಾಕಬೇಡ ಎಂದು ಮಗನಿಗೆ ಹೇಳಿದ್ದೇನೆ. ಹಾಕಿದರೆ ನನಗೆ ಫೋನ್ ಮಾಡಿ.