ಪೀಣ್ಯದಲ್ಲಿ ಸಿಕ್ಕ ಹಿರಿಯರಿಗೆ

ನಿಮ್ಮ ಹೆಸರು ಕೇಳದೆ ಬಂದುಬಿಟ್ಟೆ, ಕ್ಷಮಿಸಿ. ಪೀಣ್ಯದ ಹಳೆಯ ಉಪಕರಣಗಳ ಅಂಗಡಿಯಲ್ಲಿ ನನ್ನ ಕೈಯಲ್ಲಿದ್ದ, ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ನೋಡಿ ನೀವಾಗಿಯೇ ಹತ್ತಿರ ಬಂದಿರಿ. ಟೂಲ್ ರೂಮಿನಲ್ಲಿ ಕಟರ್ ಮಸೆಯುತ್ತಿದ್ದ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅದು. ಅಳೆಯುವ ವಸ್ತುವನ್ನು ಆನಿಸುವ ಚಪ್ಪಟೆ ಆನ್ವಿಲ್ ಇರಬೇಕಾದ ಕಡೆ ‘ವಿ’ ಆಕಾರದ ಕಚ್ಚು. ಥಿಂಬಲ್ ಎಂಬ ತಿರುಗುವ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಅಳತೆ 0.5 ಮಿ.ಮೀ. ಎನ್ನುತ್ತದೆ, ಎದುರಿನಿಂದ ಬಂದು ವಸ್ತುವಿಗೆ ತಾಗುವ ಸ್ಪಿಂಡಲ್ ಕಡ್ಡಿ ಮಾತ್ರ 0.75 ಮಿ.ಮೀ. ಸರಿಯುತ್ತದೆ. ಕೆಟ್ಟಿದೆ, ಗುಜರಿಗೆ ಹಾಕಿ ಎಂದು ಇಬ್ಬರು ಹೇಳಿದ್ದರು.

ನೀವು ಲೋಹ ಕೊರೆಯುವ ಮೂರು ಅಂಚಿನ ಕಟರ್, ಎಂಡ್ ಮಿಲ್ ಒಂದನ್ನು ಅಂಗಿಯ ತುದಿಯಲ್ಲಿ ಒರೆಸಿ, ಎರಡು ಅಂಚುಗಳನ್ನು ಕಚ್ಚಿನ ಗೋಡೆಗಳಿಗೆ ಆನಿಸಿ, ಮೂರನೆಯದಕ್ಕೆ ಸ್ಪಿಂಡಲ್ ತಾಗಿಸಿದಿರಿ. ರ‍್ಯಾಚೆಟ್ ಒತ್ತು ಸಾಕೆಂದು ಟಿಕ್ ಟಿಕ್ ಎಂದಿತು. ಮೂರು ಅಂಚಿದ್ದರೆ ಯಾವ ಎರಡೂ ಎದುರುಬದುರಾಗುವುದಿಲ್ಲ, ಸಾಮಾನ್ಯ ಮೈಕ್ರೋಮೀಟರಿಗೆ ವ್ಯಾಸ ಸಿಗುವುದಿಲ್ಲ ಎಂದಿರಿ. 60 ಡಿಗ್ರಿ ಕಚ್ಚಿನ ಮೂಲೆಯಿಂದ ಸ್ಪಿಂಡಲ್‌ವರೆಗಿನ ದೂರ ವ್ಯಾಸದ ಒಂದೂವರೆ ಪಟ್ಟು, ವ್ಯಾಸದ 0.5ಕ್ಕೆ 0.75 ಬಂದದ್ದು ಅದರಿಂದಲೇ! ಐದು ಅಂಚಿನವಕ್ಕೆ 108 ಡಿಗ್ರಿಯದು ಬೇರೆಯೇ ಇದೆಯೆಂದೂ ತಿಳಿಸಿದಿರಿ.

ಅಪ್ಪ ದಿನವಿಡೀ ಏನನ್ನು ಅಳೆಯುತ್ತಿದ್ದರೆಂದು ನನಗೆ ಅಂದು ಗೊತ್ತಾಯಿತು. ಎಣ್ಣೆ ಸವರಿ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿಮಗೆ ಮನಸಾರೆ ನಮಸ್ಕಾರ.