ಹೊಸದಾಗಿ ಶಾಲೆಯಲ್ಲಿ ಟೀಚರಾಗಿ ಸೇರಿದ ಅಣ್ಣನ ಮಗಳಿಗೆ ಕಾಕಾನ ಪತ್ರ

ಮಾಳಮಡ್ಡಿ, ಧಾರವಾಡ

ಚಿ. ವಿನಯಾಳಿಗೆ ಕಾಕಾನ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಶಿರಹಟ್ಟಿ ತಾಲ್ಲೂಕಿನ ಶಾಲೆಗೆ ಹಾಜರಾದ ಸುದ್ದಿಯನ್ನು ಅಣ್ಣ ಫೋನಿನಲ್ಲಿ ಹೇಳಿದ್ದ. ಆಮೇಲೆ ನಿನ್ನ ಪತ್ರ ಬಂತು. ಎಂಟನೆಯ ತರಗತಿಯ ಬೀಜಗಣಿತವನ್ನೇ ವರ್ಷವರ್ಷವೂ ಹೇಳುತ್ತ ಕೂತರೆ ತಲೆಗೆ ತುಕ್ಕು ಹಿಡಿಯುವುದಿಲ್ಲವೇ ಎಂದು ಕೇಳಿದ್ದೀಯ. ಹಿಡಿಯುತ್ತದೆ. ಹಿಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ತುಟ್ಟಿಭತ್ಯೆ, ವರ್ಗಾವಣೆ, ಸೈಟಿನ ದರ ಬಿಟ್ಟರೆ ಅವರಿಗೆ ಮಾತೇ ಇರುವುದಿಲ್ಲ. ಹಾಗೆಂದು ಈಗಲೇ ಸಂಗೀತದ ಕ್ಲಾಸು, ಯೋಗದ ಸರ್ಟಿಫಿಕೇಟು, ಚಿತ್ರಕಲೆ ಎಂದು ಐದಾರನ್ನು ಒಟ್ಟಿಗೆ ಹಚ್ಚಿಕೊಳ್ಳಬೇಡ. ಅದೆಲ್ಲ ಎರಡು ವರ್ಷ ನಡೆದರೆ ಹೆಚ್ಚು.

ನಮ್ಮ ಊರಿನಲ್ಲೇ ಇದ್ದ ಸಂಶೋಧಕ ಶಂ. ಬಾ. ಜೋಶಿಯವರನ್ನು ನೋಡು. ಓದಿದ್ದು ಮುಲ್ಕಿ ಪರೀಕ್ಷೆಯ ತನಕ, ಅಂದರೆ ಏಳನೆಯ ತರಗತಿ. ಮಾಸ್ತರಿಕೆಯೇ ಹೊಟ್ಟೆಪಾಡು; 1946ರವರೆಗೆ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕನ್ನಡ ಹೇಳಿದರು. ಶಾಲೆಯ ಗಂಟೆ ಬಾರಿಸಿದ ಮೇಲೆ ಅವರು ಹಿಡಿದು ಕೂತದ್ದು ಊರುಗಳ ಹೆಸರುಗಳನ್ನು. ಆ ಹೆಸರುಗಳ ಜಾಡು ಹಿಡಿದು ಮಹಾರಾಷ್ಟ್ರದೊಳಗೆ ಕನ್ನಡದ ಗುರುತುಗಳನ್ನು ಹುಡುಕಿದರು. ಅಲ್ಲಿಂದ ಕುಲಗಳಿಗೆ, ದೇವರುಗಳಿಗೆ, ಪುರಾಣಗಳಿಗೆ ಹೊರಳಿದರು, ಮರಾಠಿಯಲ್ಲೂ ಬರೆದರು. 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1981ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಎಲ್ಲ ತೀರ್ಮಾನಗಳನ್ನೂ ವಿದ್ವಾಂಸರು ಒಪ್ಪಲಿಲ್ಲ. ಕೆಲವು ನನಗೂ ಎಳೆದು ತಂದಂತೆ ಕಾಣುತ್ತವೆ. ಆದರೆ ನೀನು ಗಮನಿಸಬೇಕಾದದ್ದು ಬೇರೆ. ಹೊರಗಿನಿಂದ ನೋಡಿದವರಿಗೆ ಅವರದು ಹತ್ತು ವಿಷಯಗಳ ಹವ್ಯಾಸ. ಒಳಗೆ ಇದ್ದದ್ದು ಒಂದೇ ಪ್ರಶ್ನೆ: ಕನ್ನಡಿಗರು ಯಾರು? ಆ ಪ್ರಶ್ನೆಯೇ ಅವರನ್ನು ಒಂದು ಶಾಸ್ತ್ರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಯಿತು. ತೊಂಬತ್ತೈದು ವರ್ಷ ಬದುಕಿ 1991ರಲ್ಲಿ ತೀರಿಕೊಂಡರು.

ನಿನಗೂ ಒಂದು ಪ್ರಶ್ನೆ ಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ನಿನ್ನ ತಾಲ್ಲೂಕಿನಲ್ಲೇ ಮಾಗಡಿ ಕೆರೆ ಇದೆ. (ಮಾಗಡಿ ಎಂದೊಡನೆ ಬೆಂಗಳೂರಿನವರು ಕೆಂಪೇಗೌಡರ ಊರನ್ನು ನೆನೆಯುತ್ತಾರೆ, ನೆನೆಯಲಿ ಬಿಡು.) 2024ರಲ್ಲಿ ಅದಕ್ಕೆ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಚಳಿಗಾಲ ಶುರುವಾದೊಡನೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ನೀರಿನಲ್ಲಿ ವಿಶ್ರಾಂತಿ, ಸುತ್ತಲಿನ ಹೊಲಗಳಲ್ಲಿ ಮೇವು.

ಅಲ್ಲಿ ನಿಂತು ಕೇಳಿಕೋ: ಎಷ್ಟು ಹಕ್ಕಿ? ಒಂದೊಂದಾಗಿ ಎಣಿಸಲು ಸಾಧ್ಯವೇ ಇಲ್ಲ. ಗುಂಪಿನ ಒಂದು ಅಂಚಿನಿಂದ ನೂರನ್ನು ಜಾಗ್ರತೆಯಿಂದ ಎಣಿಸು. ಆ ನೂರು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲೇ ಅಳತೆ ಮಾಡು. ಅಂಥ ತುಂಡುಗಳು ಉಳಿದ ಗುಂಪಿನಲ್ಲಿ ಎಷ್ಟು ಆಗುತ್ತವೆ ನೋಡು. ಇಬ್ಬರು ಹುಡುಗಿಯರು ಬೇರೆಬೇರೆಯಾಗಿ ಎಣಿಸಲಿ. ಉತ್ತರಗಳು ಖಂಡಿತ ಹೊಂದುವುದಿಲ್ಲ. ನಡುವೆ ಒತ್ತಾಗಿಯೂ ಅಂಚಿನಲ್ಲಿ ಬಿಡಿಬಿಡಿಯಾಗಿಯೂ ಕೂತಿದ್ದಾವೆ ಎಂದು ಯಾವಳೋ ಒಬ್ಬಳು ಹೇಳುತ್ತಾಳೆ. ಅಲ್ಲಿಗೆ ನಿನ್ನ ಲೆಕ್ಕದ ಪಾಠ ಹತ್ತನೆಯ ತರಗತಿಯನ್ನೂ ದಾಟಿತು. ಆಮೇಲೆ ಎದುರಿಗೆ ಬಂದ ರೈತನನ್ನು ಕೇಳು. ಅವನಿಗೆ ಹಕ್ಕಿಯ ಚೆಲುವಿಗಿಂತ ತನ್ನ ಮೊಳಕೆಯ ಚಿಂತೆ ಹೆಚ್ಚಿರಬಹುದು. ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೋ. ಹಕ್ಕಿಯಿಂದ ಬೆಳೆಗೆ, ಬೆಳೆಯಿಂದ ಮಳೆಗೆ, ಮಳೆಯಿಂದ ಕೆರೆ ಕಟ್ಟಿಸಿದವರಿಗೆ ದಾರಿ ತಾನಾಗಿ ಬೆಳೆಯುತ್ತದೆ. ಎಂದಾದರೂ ಶಾಸನ ಓದುವ ಹಂಬಲ ಹುಟ್ಟಿದರೆ ಗದಗದ ಪಕ್ಕದಲ್ಲೇ ಲಕ್ಕುಂಡಿ ಇದೆ.

ಲೆಕ್ಕದ ಟೀಚರಿಗೆ ಇದೆಲ್ಲ ಯಾಕೆ ಎಂದು ಸಹೋದ್ಯೋಗಿಗಳು ನಕ್ಕರೆ ನಗಲಿ. ಬೇಂದ್ರೆಯವರಿಗೆ ಕೊನೆಗಾಲದಲ್ಲಿ ಅಂಕಿಗಳ ಗೀಳು ಹಿಡಿದಿತ್ತು. ಕವಿ ಲೆಕ್ಕಕ್ಕೆ ಬರಬಹುದಾದರೆ ಲೆಕ್ಕದವಳು ಕೆರೆಗೆ ಹೋಗಬಾರದೇ?

ಒಂದು ಎಚ್ಚರಿಕೆ. ನಿನ್ನ ಗೀಳನ್ನು ದಿನವೂ ತರಗತಿಗೆ ಹೊತ್ತುಕೊಂಡು ಹೋಗಬೇಡ. ತನಗೆ ಇಷ್ಟವಾದದ್ದನ್ನೇ ನಲವತ್ತೈದು ನಿಮಿಷ ಕೊರೆಯುವ ಮಾಸ್ತರನಿಗಿಂತ ಪುಸ್ತಕ ನೋಡಿ ಓದುವವನೇ ವಾಸಿ. ಸಮೀಕರಣ ಬಿಡಿಸಲು ಬಾರದ ಹುಡುಗನಿಗೆ ಮೊದಲು ಸಮೀಕರಣವೇ ಬರಬೇಕು. ಕೆರೆಯ ಮಾತನ್ನು ಅವರೇ ಕೇಳಿದಾಗ ಹೇಳು.

ಎಂ.ಎಡ್. ಮಾಡಬೇಕೇ ಎಂದು ಕೇಳಿದ್ದೀಯ. ಬಡ್ತಿಗೆ ಬೇಕಾದರೆ ಮಾಡು, ಅದರಲ್ಲಿ ತಪ್ಪೇನಿಲ್ಲ. ನೋಡಿದ್ದನ್ನು ಬರೆದಿಡಲು ಬೇರೆಯೇ ಒಂದು ವಹಿ ಇರಲಿ. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡ. ಮೊಬೈಲಿನ ಫೋಟೋಗಳು ಸಾವಿರ ಕೂಡಿದ ಮೇಲೆ ಯಾರೂ ತೆರೆದು ನೋಡುವುದಿಲ್ಲ.

ದೀಪಾವಳಿಗೆ ಬಂದಾಗ ನನ್ನ ದುರ್ಬೀನು ಒಯ್ಯಿ. ಕೊರಳಪಟ್ಟಿ ಹರಿದಿದೆ, ಅಲ್ಲಿಯೇ ಯಾರಿಂದಲಾದರೂ ಹೊಲಿಸಿಕೋ. ಗುರೆಳ್ಳು ಚಟ್ನಿಪುಡಿ ಮುಗಿದಿದ್ದರೆ ಮೊದಲೇ ತಿಳಿಸು, ಕಾಕು ಕುಟ್ಟಿಡುತ್ತಾಳೆ. ಅಣ್ಣ, ವಹಿನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ
ಕಾಕಾ