ಭಾನುವಾರದ ಐಸ್ ಹಾಕಿ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಈ ಸಲ ಮಕ್ಕಳೂ ಆಡುತ್ತಾರೆ, ಅದಕ್ಕೇ ಈ ಮಾತು. ಮೈಮೇಲೆ ಬಿದ್ದು ತಡೆಯುವುದು ಬೇಡ. ಸ್ಟಿಕ್ ಮೇಲೆತ್ತಿ ಬೀಸಿ ಹೊಡೆಯುವುದಂತೂ ಬೇಡವೇ ಬೇಡ. ಪಕ್ ಅಂದರೆ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್, ಮುಖಕ್ಕೆ ಬಡಿದರೆ ಹಲ್ಲೇ ಹೋಗಬಹುದು. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ಇಲ್ಲದೆ ಯಾರೂ ಐಸ್ ಮೇಲೆ ಇಳಿಯಬೇಡಿ. ದೊಡ್ಡವರಿಗೂ ಇದೇ ನಿಯಮ.

ಗೋಲು ಕಾಯುವವರನ್ನು ಬಿಟ್ಟು ಒಂದು ಕಡೆಗೆ 5 ಜನ. ಒಂದು ನಿಮಿಷ ಆಡಿದ ಮೇಲೆ ಬೆಂಚಿಗೆ ಬಂದು ಮುಂದಿನವರನ್ನು ಬಿಡಿ. ಸುಸ್ತಾದಾಗಲೇ ಜಾಸ್ತಿ ಬೀಳುವುದು, ಅಲ್ವಾ? ಹೊಸಬರನ್ನು ಸುಮ್ನೆ ಮೂಲೆಯಲ್ಲಿ ನಿಲ್ಲಿಸಬೇಡಿ, ಅವರಿಗೂ ಪಕ್ ಕೊಡಿ. ಮೊದಲ ಗೋಲು ಹೊಡೆದ ಮಗುವಿನ ಮುಖ ನೋಡುವುದೇ ನನಗೆ ದೊಡ್ಡ ಖುಷಿ.

ಸ್ಕೇಟ್ ಬ್ಲೇಡ್ ಮೊದಲೇ ಸಾಣೆ ಹಿಡಿಸಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.